ಕೇಜ್ ಫೈಟರ್ ನಾಯಕನಾದ ಪ್ರೇಮಕಾದಂಬರಿ: ವಿಮರ್ಶೆ ಬರೆಯುವವರು ಏನನ್ನು ನೋಡಬೇಕು?

ಪ್ರಶ್ನೆ: ನಾನು ಇಂಗ್ಲಿಷ್ ಪ್ರೇಮಕಾದಂಬರಿಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುತ್ತೇನೆ. ಈಚೆಗೆ ಕೈಗೆ ಬರುವ ಪುಸ್ತಕಗಳಲ್ಲಿ ನಾಯಕ ಎಂಎಂಎ ಫೈಟರ್ ಆಗಿರುವುದೇ ಹೆಚ್ಚು. ಎಂಎಂಎ ಎಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಮಿಶ್ರ ಸಮರಕಲೆ, ಬಲೆಗೋಡೆಯ ಕೇಜ್‌ನೊಳಗೆ ಆಡುವಂಥದು. ನನಗೆ ಆ ಕ್ರೀಡೆ ಗೊತ್ತಿಲ್ಲ. ಒಂದು ಪುಸ್ತಕದ ಪಂದ್ಯದ ದೃಶ್ಯಗಳು ನೈಜವಾಗಿವೆ ಎಂದು ಬರೆದಾಗ ಕ್ರೀಡೆ ಬಲ್ಲವರು ನಕ್ಕರು. ಇನ್ನೊಂದರ ತಪ್ಪುಗಳನ್ನು ಪಟ್ಟಿ ಮಾಡಿದಾಗ ರೊಮಾನ್ಸ್ ಓದುಗರು ‘ಅದು ಯಾರಿಗೆ ಬೇಕು’ ಎಂದರು. ಎಷ್ಟು ತಿಳಿದಿರಬೇಕು? ಈ ನಾಯಕರ ಸಿಟ್ಟನ್ನು, ‘ನೀನು ನನ್ನವಳು’ ಎನ್ನುವ ಧೋರಣೆಯನ್ನು ಹೇಗೆ ತೂಗಬೇಕು?

ಉತ್ತರ: ನಕ್ಕವರೂ ಸರಿ, ‘ಯಾರಿಗೆ ಬೇಕು’ ಎಂದವರೂ ಸರಿ. ನಾಯಕನ ಗ್ಲೌಸ್ ಎಷ್ಟು ಔನ್ಸಿನದು ಎಂದು ಲೇಖಕಿ ತಪ್ಪಾಗಿ ಬರೆದರೆ ಪ್ರೇಮಕ್ಕೇನೂ ಧಕ್ಕೆಯಿಲ್ಲ. ಆದರೆ ಇಬ್ಬರ ನಡುವಿನ ದೊಡ್ಡ ತಿರುವೇ ಆ ಕ್ರೀಡೆಯಲ್ಲಿ ನಡೆಯಲಾಗದ ಸಂಗತಿಯ ಮೇಲೆ ನಿಂತಿದ್ದರೆ, ಅದು ಪ್ರೇಮಕಥೆಯದೇ ದೋಷ. ತಪ್ಪು ಎಷ್ಟಿವೆ ಎಂದು ಎಣಿಸಲು ಹೋಗಬೇಡಿ. ಒಂದೊಂದು ತಪ್ಪಿನ ಮೇಲೆ ಕಥೆಯ ಭಾರ ಎಷ್ಟು ಬಿದ್ದಿದೆ ನೋಡಿ. ಅದಕ್ಕೆ ಬೇಕಾದಷ್ಟು ಕ್ರೀಡಾಜ್ಞಾನ ಬಹಳವೇನಿಲ್ಲ, ಮುಖ್ಯವಾದದ್ದನ್ನು ಇಲ್ಲೇ ಹೇಳುತ್ತೇನೆ.

ಮೊದಲು ಪ್ರಕಾರದ ಮಾತು. ಅಮೆರಿಕದ ರೊಮಾನ್ಸ್ ಲೇಖಕರ ಸಂಘ ಈ ಬಗೆಯ ಕಾದಂಬರಿಗೆ ಹಾಕಿದ್ದು ಎರಡೇ ಷರತ್ತು: ಕಥೆಯ ನಡುಮಧ್ಯೆ ಪ್ರೇಮವಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಟ್ಟು ಭರವಸೆ ಮೂಡಿಸುವಂತಿರಬೇಕು. ಹಾಗಾಗಿ ‘ಕೊನೆಗೆ ಒಂದಾಗುತ್ತಾರೆಂದು ಮೊದಲೇ ತಿಳಿದುಬಿಡುತ್ತದೆ’ ಎಂದು ಗೊಣಗುವುದು ಹೋಳಿಗೆ ಸಿಹಿಯಾಯಿತೆಂದು ದೂರಿದಂತೆ. ನಿಮ್ಮ ಕೆಲಸವಿರುವುದು ಅವರನ್ನು ತಡೆದ ಅಡ್ಡಿಯಲ್ಲಿ. ಆ ಅಡ್ಡಿ ಎಲ್ಲಿಂದ ಬಂತು, ಏನಾದ ಮೇಲೆ ಸರಿಯಿತು, ಸರಿಯಲು ಯಾರು ಏನು ಬಿಟ್ಟುಕೊಟ್ಟರು? ಪಮೇಲಾ ರೀಜಿಸ್ ಎಂಬ ವಿದ್ವಾಂಸೆ 2003ರಲ್ಲಿ ಪ್ರೇಮಕಾದಂಬರಿಯ ಎಂಟು ಅಂಗಗಳನ್ನು ಗುರುತಿಸಿದರು. ವಿಮರ್ಶಕರಿಗೆ ಅವುಗಳಲ್ಲಿ ಎರಡು ಸದಾ ಕೈಗೆ ಬರುತ್ತವೆ. ಒಂದು ಈ ಅಡ್ಡಿ. ಇನ್ನೊಂದು, ಇನ್ನು ಇವರು ಸೇರುವುದೇ ಇಲ್ಲ ಎನಿಸುವ ಕಡುಗತ್ತಲಿನ ಘಟ್ಟ. ಇವತ್ತಿನ ಕಾದಂಬರಿಗಳಲ್ಲಿ ಈ ಘಟ್ಟ ಸಾಮಾನ್ಯವಾಗಿ ಪುಸ್ತಕದ ಮುಕ್ಕಾಲು ಭಾಗ ದಾಟಿದ ಮೇಲೆ ಬರುತ್ತದೆ.

ಓದು ಮುಗಿದ ಕೂಡಲೇ ಒಂದು ಪರೀಕ್ಷೆ ಮಾಡಿ. ನಾಯಕನ ವೃತ್ತಿ ಕಿತ್ತು ಹಾಕಿ, ಅವನನ್ನು ಐಸ್‌ಹಾಕಿ ಆಟಗಾರನನ್ನಾಗಿಯೋ ಅಗ್ನಿಶಾಮಕ ದಳದವನನ್ನಾಗಿಯೋ ಮಾಡಿ. ಕಥೆ ಒಂದಿಷ್ಟೂ ಅಲುಗದೆ ನಿಂತರೆ, ಕೇಜ್ ಬರೀ ಗೋಡೆಗೆ ಹಚ್ಚಿದ ಬಣ್ಣ. ಈ ಮಾರುಕಟ್ಟೆಯ ಬಹುಪಾಲು ಪುಸ್ತಕಗಳು ಹೀಗೇ ಇರುತ್ತವೆ. ಅದನ್ನು ಪಾಪವೆಂದು ಬಗೆಯಬೇಕಿಲ್ಲ. ಓದುಗರಿಗೆ ನೇರವಾಗಿ ಹೇಳಿದರೆ ಸಾಕು. ಕಥೆ ಕುಸಿಯುವಂತಿದ್ದರೆ ಮಾತ್ರ ಕ್ರೀಡೆಯ ವಿವರಕ್ಕೆ ಇಳಿಯಿರಿ.

ಈ ಉಪಪ್ರಕಾರದಲ್ಲಿ ಕಥೆಯ ಭಾರ ಅತಿ ಹೆಚ್ಚು ಬೀಳುವುದು, ಅತಿ ಹೆಚ್ಚು ಎಡವುವುದೂ ತೂಕ ಇಳಿಸುವ ವಾರದಲ್ಲಿ. ವೆಲ್ಟರ್‌ವೇಟ್ ಎಂಬ ತೂಕದ ವರ್ಗದ ಮಿತಿ 170 ಪೌಂಡ್, ಸುಮಾರು 77 ಕಿಲೋ. ಆ ವರ್ಗದಲ್ಲಿ ಆಡುವ ನಾಯಕ ತರಬೇತಿಯ ದಿನಗಳಲ್ಲಿ 85 ಕಿಲೋ ಆಸುಪಾಸು ಇದ್ದರೆ ಅಚ್ಚರಿಯಿಲ್ಲ. ಎಂಟು–ಹತ್ತು ವಾರಗಳ ತರಬೇತಿಯಲ್ಲಿ ಊಟ ಕಟ್ಟುಮಾಡಿ ಒಂದಷ್ಟು ಇಳಿಸುತ್ತಾನೆ. ಉಳಿದ ಐದಾರು ಕಿಲೋ ಇಳಿಯುವುದು ಕೊನೆಯ ವಾರದಲ್ಲಿ, ಅದೂ ಬಹುಪಾಲು ನೀರು. ವಾರದ ಮೊದಲ ದಿನಗಳಲ್ಲಿ ದಿನಕ್ಕೆ ಆರೇಳು ಲೀಟರ್ ನೀರು ಕುಡಿದು ದೇಹವನ್ನು ನೀರು ಹೊರಹಾಕುವ ಅಭ್ಯಾಸಕ್ಕೆ ತಳ್ಳುತ್ತಾರೆ. ಉಪ್ಪು, ಅನ್ನ, ಬ್ರೆಡ್ಡು ಬಿಡುತ್ತಾರೆ. ಆಮೇಲೆ ನೀರನ್ನು ಕಡಿಮೆ ಮಾಡುತ್ತ ಬಂದು ಕೊನೆಯ ದಿನ ಗುಟುಕಿಗೆ ಇಳಿಸುತ್ತಾರೆ. ತೂಕ ನೋಡುವುದು ಪಂದ್ಯದ ಹಿಂದಿನ ದಿನ, ಸಾಮಾನ್ಯವಾಗಿ ಬೆಳಗ್ಗೆ. ಅದರ ಹಿಂದಿನ ರಾತ್ರಿ ಫೈಟರ್ ಇರುವುದು ಎಪ್ಸಮ್ ಉಪ್ಪು ಹಾಕಿದ ಬಿಸಿನೀರಿನ ಟಬ್ಬಿನಲ್ಲಿ. ಹತ್ತು–ಹದಿನೈದು ನಿಮಿಷ ಮುಳುಗುವುದು, ಎದ್ದು ಟವೆಲ್ ಸುತ್ತಿಕೊಂಡು ಬೆವರುತ್ತ ಮಲಗುವುದು, ಮತ್ತೆ ಟಬ್. ತುಟಿ ಒಡೆದಿರುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ, ಮಾತಾಡಿಸಿದರೆ ಸಿಡುಕು. ಕಾಮಾಸಕ್ತಿ ಇಳಿದಿರುತ್ತದೆ.

ಈಗ ಸಿದ್ಧ ಮಾದರಿಯ ಒಂದು ದೃಶ್ಯ ತೆಗೆದುಕೊಳ್ಳಿ. ಶುಕ್ರವಾರ ಬೆಳಗ್ಗೆ ತೂಕ, ಶನಿವಾರ ಪಂದ್ಯ. ಗುರುವಾರ ರಾತ್ರಿ ನಾಯಕ ನಾಯಕಿಯ ಮನೆಗೆ ಬರುತ್ತಾನೆ, ಪಾಸ್ತಾ ತಿನ್ನುತ್ತಾನೆ, ಒಂದು ಗ್ಲಾಸ್ ವೈನ್ ಕುಡಿಯುತ್ತಾನೆ, ಆಮೇಲೆ ಹದಿನಾಲ್ಕು ಪುಟಗಳ ಶಯ್ಯಾದೃಶ್ಯ. ಮೊದಲ ಸಲ ‘ಪ್ರೀತಿಸುತ್ತೇನೆ’ ಎನ್ನುವ ಮಾತು ಬರುವುದೂ ಅಲ್ಲೇ. ತಪ್ಪು ಪಾಸ್ತಾದಲ್ಲಿ ಇದೆ ಎಂದು ಬರೆದರೆ ನಿಮ್ಮ ರೊಮಾನ್ಸ್ ಓದುಗರು ಮತ್ತೆ ‘ಯಾರಿಗೆ ಬೇಕು’ ಎನ್ನುತ್ತಾರೆ. ಲೇಖಕಿ ಕಳೆದುಕೊಂಡದ್ದೇನೆಂದು ಬರೆಯಿರಿ. ಆ ರಾತ್ರಿ ಅವನು ತನ್ನ ಬದುಕಿನಲ್ಲೇ ಅತ್ಯಂತ ದುರ್ಬಲ, ಸುಂದರವಾಗಿ ಕಾಣದ, ಯಾರನ್ನೂ ಹತ್ತಿರ ಸೇರಿಸಿಕೊಳ್ಳಲು ಬಯಸದ ಸ್ಥಿತಿಯಲ್ಲಿರುತ್ತಾನೆ. ಆ ಬಾತ್‌ರೂಮಿನ ಬಾಗಿಲು ಅವನು ಅವಳಿಗೆ ತೆರೆಯುತ್ತಾನೋ ಇಲ್ಲವೋ ಎಂಬುದು ಹತ್ತು ಶಯ್ಯಾದೃಶ್ಯಗಳಿಗಿಂತ ಹೆಚ್ಚು ಹೇಳುತ್ತಿತ್ತು. ಕ್ರೀಡೆ ತಾನಾಗಿ ಕೊಟ್ಟ ಅನ್ಯೋನ್ಯದ ದೃಶ್ಯವನ್ನು ಬಿಟ್ಟು, ಯಾವ ಪುಸ್ತಕದಲ್ಲಾದರೂ ಇರಬಹುದಾದ ರಾತ್ರಿಯನ್ನು ಲೇಖಕಿ ತಂದಿಟ್ಟಿದ್ದಾರೆ. ಹೀಗೆ ಬರೆದರೆ ಎರಡೂ ಬಗೆಯ ಓದುಗರಿಗೆ ತಲುಪುತ್ತದೆ.

ತೂಕಕ್ಕೆ ಸಂಬಂಧಿಸಿದ ಇನ್ನೆರಡು ನಿಯಮ ನೆನಪಿರಲಿ, ಕಥೆಗಳು ಇವನ್ನು ಹಿಡಿದು ಜಗ್ಗುತ್ತವೆ. ಪ್ರಶಸ್ತಿ ಪಂದ್ಯವಲ್ಲದಿದ್ದರೆ ಒಂದು ಪೌಂಡ್ ರಿಯಾಯಿತಿ ಇರುತ್ತದೆ, ಪ್ರಶಸ್ತಿಗೆ ಇರುವುದಿಲ್ಲ. ತೂಕ ಮೀರಿದವನು ಸಂಭಾವನೆಯ ಒಂದು ಪಾಲನ್ನು, ಸಾಮಾನ್ಯವಾಗಿ ಶೇಕಡಾ 20 ಅಥವಾ 30, ಎದುರಾಳಿಗೆ ತೆರಬೇಕು; ಎದುರಾಳಿ ಒಪ್ಪಿದರೆ ಪಂದ್ಯ ನಡೆಯುತ್ತದೆ, ಆದರೆ ಗೆದ್ದರೂ ಪ್ರಶಸ್ತಿಯ ಬೆಲ್ಟ್ ಸಿಗದು. ‘ನಾಯಕಿಯ ಅಪಘಾತದ ಸುದ್ದಿ ಕೇಳಿ ಓಡಿದ, ತೂಕ ಮೀರಿತು, ಆದರೂ ಗೆದ್ದು ಚಾಂಪಿಯನ್ ಆದ’ ಎಂಬ ಕಥೆಯಲ್ಲಿ ತ್ಯಾಗದ ಬೆಲೆಯನ್ನೇ ಲೇಖಕಿ ಕೊನೆಗೆ ಮನ್ನಾ ಮಾಡಿದ್ದಾರೆ. ಬೆಲ್ಟ್ ಹೋಗಿದ್ದರೆ ಆ ಓಟಕ್ಕೆ ತೂಕ ಬರುತ್ತಿತ್ತು.

ಪಂದ್ಯದ ದೃಶ್ಯಕ್ಕೆ ಬನ್ನಿ. ಲೇಖಕಿ ಎಂಎಂಎ ನೋಡಿದ್ದಾರೋ ಅಥವಾ ಬಾಕ್ಸಿಂಗ್ ಸಿನಿಮಾದ ನೆನಪಿನಿಂದ ಬರೆದಿದ್ದಾರೋ ಎಂದು ತಿಳಿಯಲು ಒಂದೇ ಗುರುತು ಸಾಕು: ರೆಫರಿ ಹತ್ತರವರೆಗೆ ಎಣಿಸುತ್ತಾನೆಯೇ? ಎಂಎಂಎಯಲ್ಲಿ ಎಣಿಕೆ ಇಲ್ಲ. ಬಿದ್ದವನ ಮೇಲೆ ಎದುರಾಳಿ ಎರಗುತ್ತಾನೆ, ಬಿದ್ದವನು ಜಾಣತನದಿಂದ ತನ್ನನ್ನು ಕಾಪಾಡಿಕೊಳ್ಳದಿದ್ದರೆ ರೆಫರಿ ನಡುವೆ ನುಗ್ಗಿ ನಿಲ್ಲಿಸುತ್ತಾನೆ. ಹಾಗಾಗಿ ‘ಏಳು... ಎಂಟು... ಅವಳ ಮುಖ ಕಂಡಿತು... ಒಂಬತ್ತಕ್ಕೆ ಎದ್ದು ನಿಂತ’ ಎನ್ನುವ ಜನಪ್ರಿಯ ಕ್ಲೈಮ್ಯಾಕ್ಸ್ ಈ ಕ್ರೀಡೆಯಲ್ಲಿ ನಡೆಯಲಾರದು. ಇದು ಭಾರ ಹೊತ್ತ ತಪ್ಪು, ಬರೆಯಲೇಬೇಕು. ಎಂಟನೇ ಸುತ್ತು, ಹಗ್ಗಕ್ಕೆ ಒರಗಿದ ನಾಯಕ, ಇವೆಲ್ಲ ಅದೇ ಮೂಲದವು. 2000ರ ಆಸುಪಾಸಿನಲ್ಲಿ ನ್ಯೂಜೆರ್ಸಿಯಲ್ಲಿ ರೂಪುಗೊಂಡ ಏಕೀಕೃತ ನಿಯಮಗಳ ಪ್ರಕಾರ ಸುತ್ತು 5 ನಿಮಿಷದ್ದು, ನಡುವೆ 1 ನಿಮಿಷ ವಿರಾಮ, ಸಾಮಾನ್ಯ ಪಂದ್ಯಕ್ಕೆ 3 ಸುತ್ತು, ಪ್ರಶಸ್ತಿಗೆ 5. ಮೂವರು ತೀರ್ಪುಗಾರರು, ಸುತ್ತು ಗೆದ್ದವನಿಗೆ 10, ಸೋತವನಿಗೆ ಹೆಚ್ಚಾಗಿ 9.

ಕನ್ನಡ ಓದುಗರಿಗೆಂದೇ ಒಂದು ಎಚ್ಚರಿಕೆ. ಮೈಸೂರು ದಸರಾ ಕುಸ್ತಿ ನೋಡಿ ಬೆಳೆದವರ ಕಣ್ಣಿಗೆ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿದಂತೆ. ಇಲ್ಲಿ ಹಾಗಲ್ಲ. ಬೆನ್ನ ಮೇಲೆ ಬಿದ್ದವನು ಕಾಲುಗಳಿಂದ ಎದುರಾಳಿಯ ಸೊಂಟ ಬಿಗಿದು, ಅಲ್ಲಿಂದಲೇ ಅವನ ಮೊಣಕೈ ಮುರಿಯುವ ಇಲ್ಲವೇ ಕತ್ತು ಒತ್ತುವ ಪಟ್ಟು ಹಾಕಬಲ್ಲ. ಕೆಳಗಿದ್ದೂ ಗೆಲ್ಲುವ ನಾಯಕನನ್ನು ಕಂಡು ‘ಅಸಹಜ’ ಎಂದು ಬರೆದುಬಿಡಬೇಡಿ. ಗರಡಿಯ ಕಣ್ಣು ಬೇರೊಂದು ಕಡೆ ನೆರವಿಗೆ ಬರುತ್ತದೆ: ಯಾವ ಕೈ ಎಲ್ಲಿದೆ, ಭಾರ ಯಾವ ಮಂಡಿಯ ಮೇಲಿದೆ ಎಂದು ಲೇಖಕಿಗೆ ಗೊತ್ತೋ ಇಲ್ಲವೋ ಎಂಬುದು ಕುಸ್ತಿ ನೋಡಿದವರಿಗೆ ಎರಡು ಸಾಲಿನಲ್ಲಿ ತಿಳಿಯುತ್ತದೆ.

ಕತ್ತು ಹಿಸುಕುವ ಪಟ್ಟಿನ ವರ್ಣನೆಯನ್ನು ನಿಧಾನವಾಗಿ ಓದಿ. ಹಿಂದಿನಿಂದ ಹಾಕುವ ಚೋಕ್ ಸರಿಯಾಗಿ ಬಿಗಿದರೆ ಒತ್ತುವುದು ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು. ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪುತ್ತದೆ, ಬಿಟ್ಟರೆ ಕೆಲವೇ ಕ್ಷಣಗಳಲ್ಲಿ ಮರಳುತ್ತದೆ. ಬಿಗಿ ಚೋಕ್‌ನಲ್ಲಿ ಸಿಕ್ಕಿ ಎರಡು ಪುಟ ತನ್ನ ಬಾಲ್ಯ ನೆನೆಯುವ ನಾಯಕನಿಗೆ ಅಷ್ಟು ಸಮಯವಿಲ್ಲ. ಹಾಗೆಯೇ ಗಾಯಗಳು. ಪಂದ್ಯ ಮುಗಿದ ಮೇಲೆ ನಾಯಕಿ ಅವನ ಒಡೆದ ಗೆಣ್ಣುಗಳ ರಕ್ತ ಒರೆಸುವ ದೃಶ್ಯ ಈ ಪುಸ್ತಕಗಳ ನಿತ್ಯಪೂಜೆ. ಅಧಿಕೃತ ಪಂದ್ಯದಲ್ಲಿ ಗಾಜ್ ಬಟ್ಟೆ, ಟೇಪು ಸುತ್ತಿದ ಕೈಯ ಮೇಲೆ 4 ಔನ್ಸ್ ಗ್ಲೌಸ್ ಇರುತ್ತದೆ, ಗೆಣ್ಣಿನ ಚರ್ಮ ಒಡೆಯುವುದು ಅಪರೂಪ. ಒಳಗೆ ಮೂಳೆ ಮುರಿದಿರಬಹುದು, ಹಿಂಗೈ ಊದಿರಬಹುದು. ರಕ್ತ ಬರುವುದು ಮೊಣಕೈ ಏಟಿಗೆ ಸೀಳಿದ ಹುಬ್ಬಿನಿಂದ. ಅದಕ್ಕೆ ಸುತ್ತುಗಳ ನಡುವೆ ಗಾಯ ನೋಡಿಕೊಳ್ಳುವ ಕಟ್‌ಮ್ಯಾನ್ ಅಡ್ರಿನಲಿನ್ ಅದ್ದಿದ ಹತ್ತಿ ಒತ್ತಿ ವ್ಯಾಸಲಿನ್ ಬಳಿಯುತ್ತಾನೆ. ಪಂದ್ಯದ ನಂತರ ಹೊಲಿಗೆ ಹಾಕುವುದು ವೈದ್ಯರು. ಗೆಣ್ಣು ಒಡೆಯುವುದು ಬರಿಗೈ ಗುದ್ದಾಟದಲ್ಲಿ, ಅಂದರೆ ಬಾರ್ ಜಗಳದಲ್ಲೋ ಕದ್ದುಮುಚ್ಚಿ ನಡೆಯುವ ಪಂದ್ಯದಲ್ಲೋ. ಈ ಒಂದು ವ್ಯತ್ಯಾಸ ತಿಳಿದ ಲೇಖಕಿ ಒಡೆದ ಗೆಣ್ಣನ್ನೇ ಸುಳಿವಾಗಿ ಬಳಸಿಕೊಳ್ಳಬಹುದು: ಇವನು ಕೇಜ್‌ನ ಹೊರಗೆ ಯಾರನ್ನೋ ಹೊಡೆದು ಬಂದಿದ್ದಾನೆ.

ಪಂದ್ಯ ಮುಗಿದ ಕ್ಷಣವೇ ಬೆವರುಬಟ್ಟೆಯಲ್ಲೇ ವಿಮಾನ ನಿಲ್ದಾಣಕ್ಕೆ ಓಡುವ ನಾಯಕನೂ ಹೀಗೆಯೇ. ಪಂದ್ಯದ ನಂತರ ವೈದ್ಯ ಪರೀಕ್ಷೆ ಕಡ್ಡಾಯ, ಉದ್ದೀಪನ ಮದ್ದಿನ ಪರೀಕ್ಷೆಗೆ ಕರೆ ಬಂದರೆ ಮೂತ್ರದ ಮಾದರಿ ಕೊಡುವವರೆಗೆ ಬಿಡರು; ನಿರ್ಜಲಗೊಂಡ ದೇಹ ಅದನ್ನು ಕೊಡಲು ಕೆಲವೊಮ್ಮೆ ಗಂಟೆ ಹಿಡಿಯುತ್ತದೆ. ಹಾಸ್ಯಪ್ರಜ್ಞೆಯುಳ್ಳ ಲೇಖಕಿಗೆ ಇದು ಚಿನ್ನದಂಥ ದೃಶ್ಯ, ಯಾಕೋ ಯಾರೂ ಮುಟ್ಟುವುದಿಲ್ಲ.

ಸಮಯದ ಲೆಕ್ಕ ಇಟ್ಟುಕೊಳ್ಳಿ. ಪುಸ್ತಕ ಓದುವಾಗ ಪುಟದ ಅಂಚಿನಲ್ಲೋ ಕಿಂಡಲ್ ಟಿಪ್ಪಣಿಯಲ್ಲೋ ಪ್ರತಿ ಪಂದ್ಯದ ತಾರೀಖು, ಫಲಿತಾಂಶ ಬರೆಯುತ್ತ ಹೋದರೆ ಸಾಕು. ತಲೆಗೆ ಏಟು ಬಿದ್ದು ನಾಕೌಟ್ ಆದವನನ್ನು ಪಂದ್ಯಗಳ ಮೇಲ್ವಿಚಾರಣೆ ನಡೆಸುವ ಅಮೆರಿಕದ ರಾಜ್ಯ ಆಯೋಗಗಳು ಕೆಲವು ವಾರಗಳಿಂದ ಎರಡು–ಮೂರು ತಿಂಗಳವರೆಗೆ ವೈದ್ಯಕೀಯವಾಗಿ ಅಮಾನತಿನಲ್ಲಿಡುತ್ತವೆ. ಮೂಳೆ ಮುರಿದ ಶಂಕೆಯಿದ್ದರೆ ವೈದ್ಯರು ಒಪ್ಪುವವರೆಗೆ ಎಂಬ ಷರತ್ತಿನೊಂದಿಗೆ 180 ದಿನವೂ ಆಗಬಹುದು. ಒಂದು ರಾಜ್ಯದ ಅಮಾನತನ್ನು ಉಳಿದವೂ ಮಾನ್ಯ ಮಾಡುತ್ತವೆ. ಹೀಗಿರುವಾಗ ಮೇ ತಿಂಗಳಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ಮೂರು ವಾರದಲ್ಲಿ ಸೇಡಿನ ಪಂದ್ಯಕ್ಕಿಳಿದರೆ, ಇಡೀ ಎರಡನೇ ಭಾಗ ಗಾಳಿಯಲ್ಲಿ ತೇಲುತ್ತಿದೆ ಎಂದರ್ಥ. ಇದು ತಾಂತ್ರಿಕ ಕೊಂಕಿಗಿಂತ ಹೆಚ್ಚಿನದು. ಆ ಎರಡು ತಿಂಗಳ ಕಡ್ಡಾಯ ಬಿಡುವೇ ಪ್ರೇಮ ಬೆಳೆಯಲು ಸಿಗುವ ಕಾಲ: ತರಬೇತಿ ಇಲ್ಲ, ಕೈಯಲ್ಲಿ ಕಾಸಿಲ್ಲ, ಬೆಳಕು ಕಂಡರೆ ತಲೆನೋವು, ಮನೆಯಲ್ಲೇ ಬಿದ್ದಿರುವ ಗಂಡಸು.

ಸ್ಥಳ, ಕಾಲಗಳನ್ನೂ ಒಮ್ಮೆ ತಾಳೆ ನೋಡಿ. ನ್ಯೂಯಾರ್ಕ್ ರಾಜ್ಯ 1997ರಲ್ಲಿ ವೃತ್ತಿಪರ ಎಂಎಂಎ ನಿಷೇಧಿಸಿ 2016ರಲ್ಲಷ್ಟೇ ಮರಳಿ ಅನುಮತಿಸಿತು. 2013ರಲ್ಲಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಾಯಕ ಬೆಲ್ಟ್ ಗೆದ್ದ ಎಂದರೆ ತಪ್ಪು. ಅದೇ ಊರಿನ ಅಮೆಚೂರ್ ಪಂದ್ಯವೆಂದರೆ ಸರಿಹೋದೀತು. ಮೇಲಿಂದ ಕೆಳಕ್ಕೆ ನೆಟ್ಟಗೆ ಇಳಿಸುವ ಮೊಣಕೈ ಏಟು ಏಕೀಕೃತ ನಿಯಮಗಳಲ್ಲಿ 2024ರ ನವೆಂಬರ್‌ವರೆಗೂ ಫೌಲ್ ಆಗಿತ್ತು, ಈಗ ಅಲ್ಲ. ಎಂಎಂಎ ಪಂದ್ಯ ನಡೆಸುವ ದೊಡ್ಡ ಸಂಸ್ಥೆಯಾದ ಯುಎಫ್‌ಸಿಯಲ್ಲಿ ಮಹಿಳೆಯರ ಪಂದ್ಯ ಆರಂಭವಾದದ್ದು 2013ರಲ್ಲಿ. ನಾಯಕಿಯೇ ಫೈಟರ್ ಆಗಿರುವ ಪುಸ್ತಕಗಳು ಈಗ ಹೆಚ್ಚುತ್ತಿರುವುದರಿಂದ ಇದು ಉಪಯೋಗಕ್ಕೆ ಬರುತ್ತದೆ.

ಹಣದ ಬಗ್ಗೆ ಚಿಕ್ಕದಾಗಿ. ಫೈಟರ್ ಒಪ್ಪಂದಗಳು ಹೆಚ್ಚಾಗಿ ‘ಬಂದದ್ದಕ್ಕೆ ಇಷ್ಟು, ಗೆದ್ದರೆ ಮತ್ತಷ್ಟೇ’ ಎಂಬ ರೀತಿಯವು. ಯುಎಫ್‌ಸಿಗೆ ಕಾಲಿಟ್ಟ ಹೊಸಬರಿಗೆ 10 ಸಾವಿರ ಡಾಲರ್ ಜೊತೆಗೆ 10 ಸಾವಿರ ಎಂಬುದು ವರ್ಷಗಟ್ಟಲೆ ಸಾಮಾನ್ಯವಾಗಿತ್ತು. ಕೋಚು, ಮ್ಯಾನೇಜರು, ಗರಡಿ, ತೆರಿಗೆ ಎಲ್ಲ ಇದರಲ್ಲೇ. ವರ್ಷಕ್ಕೆ ಎರಡು–ಮೂರು ಪಂದ್ಯ ಆಡುವವನಿಗೆ ಲಾಸ್ ವೇಗಾಸ್‌ನ ಪೆಂಟ್‌ಹೌಸ್ ಎಲ್ಲಿಂದ ಬಂತು ಎಂದು ಕೇಳಬಹುದು, ಆದರೆ ಕೇಳಿ ಹಠ ಹಿಡಿಯಬೇಡಿ. ಸಿರಿವಂತ ನಾಯಕ ಈ ಪ್ರಕಾರದ ಹಳೆಯ ಕನಸು. ‘ಗೆದ್ದರೆ ಮಾತ್ರ ತಂಗಿಯ ಚಿಕಿತ್ಸೆಗೆ ದುಡ್ಡು’ ಎಂದು ಪುಸ್ತಕವೇ ಲೆಕ್ಕ ಮುಂದಿಟ್ಟರೆ ಮಾತ್ರ ಲೆಕ್ಕ ನೋಡಿ.

ಇನ್ನು ಕದ್ದುಮುಚ್ಚಿ ನಡೆಯುವ ಪಂದ್ಯಗಳ ಕಾದಂಬರಿ. ಇಲ್ಲಿ ಮೇಲಿನ ಯಾವ ನಿಯಮವೂ ಅನ್ವಯಿಸದು. ಗೋದಾಮು, ಬೆಟ್ಟಿಂಗ್, ಬರಿಗೈ. ಆದರೆ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಇಷ್ಟು ಪ್ರತಿಭೆಯಿರುವವನು ಲೈಸೆನ್ಸ್ ಪಡೆದು ಯಾಕೆ ಆಡುತ್ತಿಲ್ಲ? ಜೈಲು ದಾಖಲೆ, ತಲೆಯ ಸ್ಕ್ಯಾನ್‌ನಲ್ಲಿ ಕಂಡ ದೋಷ, ಸಾಲಗಾರನ ಹಿಡಿತ, ಏನೋ ಒಂದು ಉತ್ತರ ಇರಬೇಕು. ಆ ಉತ್ತರವೇ ಪ್ರೇಮದ ಅಡ್ಡಿಯೂ ಆಗಿದ್ದರೆ ಪುಸ್ತಕ ಗಟ್ಟಿ. ಉತ್ತರವೇ ಇಲ್ಲದಿದ್ದರೆ ಅಪಾಯದ ಮೆರುಗಿಗಾಗಿ ಮಾತ್ರ ಗೋದಾಮು ಬಂದಿದೆ.

ನಾಯಕಿಯ ಕೆಲಸವನ್ನು ವಿಮರ್ಶಕರು ಹೆಚ್ಚಾಗಿ ಕಡೆಗಣಿಸುತ್ತಾರೆ. ಅವಳು ಫಿಸಿಯೋಥೆರಪಿಸ್ಟ್, ಪತ್ರಕರ್ತೆ, ಕೋಚಿನ ಮಗಳು, ಇಲ್ಲವೇ ಗರಡಿಯ ಗೆಳೆಯನ ತಂಗಿ. ಫಿಸಿಯೋ ಆಗಿದ್ದರೆ ಅಲ್ಲಿಯೇ ದೊಡ್ಡ ಅಡ್ಡಿ ಇದೆ: ಅಮೆರಿಕದ ಫಿಸಿಕಲ್ ಥೆರಪಿ ಸಂಘದ ನೀತಿಸಂಹಿತೆ ರೋಗಿಯೊಂದಿಗೆ ಲೈಂಗಿಕ ಸಂಬಂಧವನ್ನು ನೇರವಾಗಿ ನಿಷೇಧಿಸುತ್ತದೆ. ಅವಳು ಕಳೆದುಕೊಳ್ಳುವುದು ವರ್ಷಗಟ್ಟಲೆ ಓದಿ ಪಡೆದ ಲೈಸೆನ್ಸನ್ನು. ಪುಸ್ತಕ ಅದನ್ನು ‘ಯಾರಿಗೂ ಗೊತ್ತಾಗಬಾರದು’ ಎಂಬ ರೋಚಕತೆಗೆ ಇಳಿಸಿದರೆ, ಅವನ ವೃತ್ತಿಗೆ ಇರುವ ಗೌರವ ಅವಳ ವೃತ್ತಿಗೆ ಇಲ್ಲ ಎಂದು ಬರೆಯಿರಿ. ಈ ಒಂದು ಅಸಮತೆ ಹಿಡಿದು ಓದಿದರೆ ಬಹಳಷ್ಟು ಪುಸ್ತಕಗಳ ಬಣ್ಣ ಬಯಲಾಗುತ್ತದೆ. ಅವನ ಎಂಟು ವಾರದ ತರಬೇತಿಗೆ ಇಪ್ಪತ್ತು ಅಧ್ಯಾಯ, ಅವಳ ಪರೀಕ್ಷೆಗೆ ಅರ್ಧ ವಾಕ್ಯ.

ನೀವು ಕೇಳಿದ ಕಷ್ಟದ ಪ್ರಶ್ನೆ, ಸಿಟ್ಟು ಮತ್ತು ಒಡೆತನ. ‘ಅವಳನ್ನು ಮುಟ್ಟಿದರೆ ಸತ್ತೆ’ ಎನ್ನುವ ನಾಯಕ ಈ ಪ್ರಕಾರದಲ್ಲಿ ಓದುಗರು ಕೇಳಿ ಪಡೆಯುವ ಕಲ್ಪನೆ. ಓದುಗರ ರುಚಿಗೆ ಪಾಠ ಹೇಳುವುದು ವಿಮರ್ಶೆಯ ಕೆಲಸವಲ್ಲ. ಪುಸ್ತಕಕ್ಕೆ ತಾನು ಏನು ತೋರಿಸುತ್ತಿದ್ದೇನೆಂಬ ಅರಿವಿದೆಯೇ ಎಂದು ಪರೀಕ್ಷಿಸುವುದು ವಿಮರ್ಶೆಯದೇ ಕೆಲಸ. ಅದಕ್ಕೆ ಬಾರ್ ಜಗಳದ ದೃಶ್ಯವನ್ನೇ ಹಿಡಿಯಿರಿ, ಬಹುತೇಕ ಪುಸ್ತಕಗಳಲ್ಲಿ ಒಂದಾದರೂ ಇರುತ್ತದೆ. ಕುಡಿದವನೊಬ್ಬ ನಾಯಕಿಯ ಸೊಂಟಕ್ಕೆ ಕೈ ಹಾಕುತ್ತಾನೆ, ನಾಯಕ ಅವನ ದವಡೆ ಮುರಿಯುತ್ತಾನೆ. ಇಲ್ಲಿ ನಾಲ್ಕು ಸಂಗತಿ ಗಮನಿಸಿ. ನಾಯಕಿ ಆಗಲೇ ತಾನಾಗಿ ನಿಭಾಯಿಸುತ್ತಿದ್ದಳೇ, ಅವಳ ಮಾತನ್ನು ಯಾರಾದರೂ ಕೇಳಿದರೇ? ತರಬೇತಾದವನು ಎಲ್ಲಿ ನಿಲ್ಲಿಸಿದ, ಮೊದಲ ಏಟಿಗೋ, ಬಿದ್ದ ಮೇಲೂ ಹೊಡೆದನೋ? ಆಮೇಲೆ ಏನಾಯಿತು: ಪೊಲೀಸು, ಮೊಕದ್ದಮೆ, ಲೈಸೆನ್ಸಿಗೆ ತೊಂದರೆ, ಪ್ರಾಯೋಜಕರ ಫೋನು? ಅವಳಿಗೆ ಭಯವಾಯಿತೇ, ಆದ ಭಯವನ್ನು ಪುಸ್ತಕ ನೆನಪಿಟ್ಟುಕೊಂಡಿತೇ ಅಥವಾ ಮುಂದಿನ ಪುಟದಲ್ಲೇ ಚುಂಬನವಾಗಿ ಕರಗಿಸಿತೇ? ಪರಿಣಾಮವೇ ಇಲ್ಲದ ಜಗಳ ಬರಿಯ ಮೆರವಣಿಗೆ. ಲೈಸೆನ್ಸ್ ಹೋಗುವ, ಅವಳು ಎರಡು ಹೆಜ್ಜೆ ಹಿಂದೆ ಸರಿಯುವ ಜಗಳ ಕಥೆಯಾಗುತ್ತದೆ.

ಫೋನಿನಲ್ಲಿ ಅವಳ ಜಾಡು ಹಿಡಿಯುವುದು, ಗೆಳತಿಯರಿಂದ ಬೇರ್ಪಡಿಸುವುದು, ಬೇಡವೆಂದ ಮೇಲೂ ಮನೆಬಾಗಿಲಲ್ಲಿ ನಿಲ್ಲುವುದು, ಇಂಥವನ್ನು ಹೆಸರು ಹಿಡಿದು ಬರೆಯಿರಿ. ‘ಟಾಕ್ಸಿಕ್’ ಎಂಬ ಒಂದೇ ಪದ ಬಿಸಾಡಿದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ‘ಹನ್ನೆರಡನೇ ಅಧ್ಯಾಯದಲ್ಲಿ ಅವಳಿಗೆ ಹೇಳದೆ ಅವಳ ಫೋನಿನಲ್ಲಿ ಟ್ರ್ಯಾಕರ್ ಹಾಕುತ್ತಾನೆ, ಪುಸ್ತಕ ಅದನ್ನು ಕಾಳಜಿ ಎಂದೇ ಕರೆಯುತ್ತದೆ’ ಎಂದರೆ ಬೇಕಾದವರು ಓದುತ್ತಾರೆ, ಬೇಡದವರು ಬಿಡುತ್ತಾರೆ. ಕೌಟುಂಬಿಕ ಹಿಂಸೆ, ಅತ್ಯಾಚಾರದ ನೆನಪು, ಗರ್ಭಪಾತ, ಮಾದಕವ್ಯಸನ ಇದ್ದರೆ ವಿಮರ್ಶೆಯ ತಲೆಯಲ್ಲೇ ಒಂದು ಸಾಲು ಹಾಕಿ. ಹಿಂಸೆಯ ಬಾಲ್ಯ ಕಳೆದ ಫೈಟರ್ ಇಲ್ಲಿ ಪದೇ ಪದೇ ಬರುವ ಪಾತ್ರವಾದ್ದರಿಂದ ಇದು ಶಿಷ್ಟಾಚಾರಕ್ಕಷ್ಟೇ ಅಲ್ಲ.

ಈ ಕ್ರೀಡೆ ಪ್ರೇಮಕಾದಂಬರಿಗೆ ಕೊಡಬಲ್ಲ ಅತಿ ದೊಡ್ಡ ವಸ್ತುವೂ ಇಲ್ಲೇ ಇದೆ. ಎಂಎಂಎಯಲ್ಲಿ ಸೋಲೊಪ್ಪುವುದಕ್ಕೆ ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ತಟ್ಟಿದರೆ ಸಾಕು; ಪಂದ್ಯ ಅಲ್ಲಿಗೇ ಮುಗಿಯುತ್ತದೆ, ಎಷ್ಟೇ ಆವೇಶದಲ್ಲಿದ್ದರೂ ಎದುರಾಳಿ ಕೈ ಬಿಡಬೇಕು. ಗರಡಿಯಲ್ಲಿ ಮೊದಲ ದಿನವೇ ಕಲಿಸುವ ಶಿಸ್ತು ಇದು. ‘ನಿಲ್ಲಿಸು’ ಎಂಬ ಮಾತಿಗೆ ಇಷ್ಟು ಬೆಲೆ ಕೊಡುವ ವೃತ್ತಿಯವನು ಮಂಚದ ಮೇಲೆ, ಜಗಳದಲ್ಲಿ, ಸಂಸಾರದಲ್ಲಿ ಅದೇ ಮಾತಿಗೆ ಏನು ಬೆಲೆ ಕೊಡುತ್ತಾನೆ? ಒಳ್ಳೆಯ ಲೇಖಕಿಯರು ಈ ಎಳೆಯನ್ನು ಹೇಳದೆಯೇ ನೇಯುತ್ತಾರೆ. ಹೇಗೆಂದರೆ, ಕೇಜ್‌ನಲ್ಲಿ ಎಂದೂ ತಟ್ಟದ ಅಹಂಕಾರಿ ನಾಯಕ ಕಡುಗತ್ತಲಿನ ಘಟ್ಟದಲ್ಲಿ ಅವಳ ಮುಂದೆ ಮೊದಲ ಬಾರಿ ಸೋಲೊಪ್ಪುತ್ತಾನೆ. ಅದು ಸಿಕ್ಕರೆ ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಹೇಳಿ.

ಕ್ಲೈಮ್ಯಾಕ್ಸ್ ಬಗ್ಗೆ ನನಗೊಂದು ಪೂರ್ವಗ್ರಹವಿದೆ, ಮುಚ್ಚಿಡುವುದಿಲ್ಲ. ಸೋಲುತ್ತಿರುವ ನಾಯಕ, ಬಾಗಿಲಲ್ಲಿ ಕಾಣಿಸಿಕೊಳ್ಳುವ ನಾಯಕಿ, ಕಣ್ಣು ಕೂಡಿದ್ದೇ ಗೆಲುವು. ಇದರಲ್ಲಿ ಅವಳು ಏನು ಮಾಡಿದಳು? ನಿಂತಳು. ಸಮಸ್ಯೆ ಏನಾಯಿತು? ಬೆಲ್ಟ್ ಬಂದದ್ದರಿಂದ ಮರೆತುಹೋಯಿತು. ಅವಳು ಕಾರ್ನರ್‌ಗೆ, ಅಂದರೆ ಅವನ ಕೋಚುಗಳು ಇರುವ ಮೂಲೆಗೆ, ಹೋಗಿ ಬುದ್ಧಿ ಹೇಳಿದಳೆಂದರೆ ಅದೂ ಆಗದ ಮಾತು. ಕಾರ್ನರ್‌ನಲ್ಲಿ ಲೈಸೆನ್ಸ್ ಇರುವ ಮೂರ್ನಾಲ್ಕು ಜನಕ್ಕಷ್ಟೇ ಅವಕಾಶ. ರಾಜಿ ಪಂದ್ಯಕ್ಕಿಂತ ಮೊದಲೇ ಆಗಿ ಪಂದ್ಯ ಅದನ್ನು ಒರೆಗೆ ಹಚ್ಚಿದರೆ, ಇಲ್ಲವೇ ಪಂದ್ಯ ಸೋತ ಮೇಲೆ ರಾಜಿ ಆದರೆ, ಪುಸ್ತಕ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಉಪಸಂಹಾರದ ಅಧ್ಯಾಯವನ್ನೂ ಬಿಡಬೇಡಿ. ಐದು ವರ್ಷದ ನಂತರ, ಬೆಲ್ಟು, ಮಗು, ಮತ್ತೊಂದು ಪಂದ್ಯದ ತಯಾರಿ. ಅವನಿಗೆ ಈಗ ಎಷ್ಟು ವಯಸ್ಸು, ಪುಸ್ತಕದೊಳಗೆ ಎಷ್ಟು ಸಲ ಪ್ರಜ್ಞೆ ತಪ್ಪಿದ್ದಾನೆ ಎಂದು ನಿಮ್ಮ ಟಿಪ್ಪಣಿ ನೋಡಿ. ಲಾಸ್ ವೇಗಾಸ್‌ನ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಕೇಂದ್ರದಲ್ಲಿ ವೃತ್ತಿಪರ ಫೈಟರ್‌ಗಳ ಮಿದುಳಿನ ಅಧ್ಯಯನ 2011ರಿಂದ ನಡೆಯುತ್ತಿದೆ. ಪದೇ ಪದೇ ಬೀಳುವ ಏಟಿನ ದೂರಗಾಮಿ ಹಾನಿ ಈಗ ಫೈಟರ್‌ಗಳ ಮನೆಗಳಲ್ಲಿ ಎಲ್ಲರೂ ಆಡುವ ಮಾತು. ‘ಎಂದೆಂದಿಗೂ ಸುಖವಾಗಿದ್ದರು’ ಎಂದು ಭರವಸೆ ಕೊಡುವ ಪ್ರಕಾರ ಇದರ ಬಗ್ಗೆ ಒಂದು ಸಾಲೂ ಆಡದಿದ್ದರೆ ಆ ಮೌನವನ್ನು ದಾಖಲಿಸಿ. ನಿವೃತ್ತಿಯ ದೃಶ್ಯ ಬರೆಯುವ ಧೈರ್ಯ ಮಾಡಿದವರನ್ನು ಹೊಗಳಿ.

ಶಯ್ಯಾದೃಶ್ಯಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಮುಜುಗರಪಡುವವರೇ ಹೆಚ್ಚು, ಹಾಗಾಗಿ ‘ಬೋಲ್ಡ್’ ಎಂದು ತೇಲಿಸಿಬಿಡುತ್ತಾರೆ. ಓದುಗರಿಗೆ ಬೇಕಾದ ಮಾಹಿತಿ ಸರಳ: ಬಾಗಿಲು ಮುಚ್ಚುತ್ತದೆಯೇ ತೆರೆದಿರುತ್ತದೆಯೇ (ಅಂದರೆ ದೃಶ್ಯವನ್ನು ಓದುಗರಿಗೆ ತೋರಿಸುತ್ತಾರೆಯೇ), ಸುಮಾರು ಎಷ್ಟು ದೃಶ್ಯ, ಒಪ್ಪಿಗೆ ಸ್ಪಷ್ಟವಿದೆಯೇ, ದೃಶ್ಯ ಮುಗಿದಾಗ ಅವರ ನಡುವೆ ಏನಾದರೂ ಬದಲಾಗಿದೆಯೇ. ಕೊನೆಯದೇ ವಿಮರ್ಶೆ, ಉಳಿದದ್ದು ಸೂಚನೆ. ಒಂದೇ ಬಗೆಯ ದೃಶ್ಯ ನಾಲ್ಕನೇ ಸಲ ಬಂದು ಕಥೆ ನಿಂತಲ್ಲೇ ನಿಂತಿದ್ದರೆ ಅದಕ್ಕೊಂದು ವ್ಯಾಪಾರಿ ಕಾರಣವೂ ಇರಬಹುದು. ಅಮೆಜಾನಿನ ಚಂದಾ ಸೇವೆಯಾದ ಕಿಂಡಲ್ ಅನ್‌ಲಿಮಿಟೆಡ್ 2015ರಿಂದ ಲೇಖಕರಿಗೆ ಹಣ ಕೊಡುವುದು ಓದಿದ ಪುಟಗಳ ಲೆಕ್ಕದಲ್ಲಿ. ಗರಡಿಯ ಪ್ರತಿ ಗೆಳೆಯನೂ ಎರಡೆರಡು ಪುಟ ಇಣುಕಿ ಮುಂದಿನ ಪುಸ್ತಕದ ನಾಯಕನಾಗಲು ಸರತಿಯಲ್ಲಿ ನಿಲ್ಲುವುದೂ ಈ ಸರಣಿ ವ್ಯಾಪಾರದಿಂದಲೇ.

ಬರೆಯುವಾಗ 600–800 ಪದ ಸಾಕು. ಅದರಲ್ಲಿ ಕಥಾಸಾರ ನೂರೈವತ್ತನ್ನು ದಾಟದಿರಲಿ. ಅರ್ಧ ಪುಸ್ತಕದ ಆಚೆಗಿನ ಘಟನೆ ಹೇಳಲೇಬೇಕಾದರೆ ಮೊದಲೇ ಎಚ್ಚರಿಸಿ. ಒಂದು ದೃಶ್ಯವನ್ನು ಮಾತ್ರ ಆರಿಸಿ ಬಿಡಿಸಿ ನೋಡಿ. ‘ಪಂದ್ಯಗಳು ರೋಮಾಂಚಕ, ಕೆಮಿಸ್ಟ್ರಿ ಸೂಪರ್, ಕೆಲವು ತಾಂತ್ರಿಕ ದೋಷಗಳಿವೆ’ ಎಂಬ ವಾಕ್ಯ ಯಾವ ಪುಸ್ತಕಕ್ಕೂ ಹೊಂದುತ್ತದೆ. ಅದರ ಬದಲು ಹೀಗೆ: ‘ಎರಡನೇ ಪಂದ್ಯದಲ್ಲಿ ನಾಯಕನ ಕೈ ಮುರಿಯುತ್ತದೆ. ಮುಂದಿನ ನಲವತ್ತು ಪುಟ ಅವನು ಅಂಗಿಯ ಗುಂಡಿ ಹಾಕಲೂ ಅವಳ ನೆರವು ಕೇಳಬೇಕು, ಕೇಳಲು ಅವನಿಗೆ ಬಾರದು. ಈ ಪುಸ್ತಕದ ಅತ್ಯುತ್ತಮ ಭಾಗ ಅದು. ಕೈ ವಾಸಿಯಾದ ಮೇಲೆ ಲೇಖಕಿಗೆ ಬೇರೆ ಅಡ್ಡಿ ಸಿಗದೆ ಹಳೆಯ ಪ್ರೇಯಸಿಯನ್ನು ಕರೆತರುತ್ತಾರೆ.’ ಕ್ರೀಡೆಯ ಬಗ್ಗೆ ಖಾತ್ರಿಯಿಲ್ಲದಾಗ ‘ನೈಜ’ ಎಂಬ ಪದವನ್ನೇ ಬಳಸಬೇಡಿ. ‘ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತದೆ’ ಎಂದರೆ ನೀವು ನೋಡಿದ್ದಷ್ಟನ್ನೇ ಹೇಳಿದಂತಾಗುತ್ತದೆ.

ನಕ್ಷತ್ರ ಕೊಡುವುದಿದ್ದರೆ ಪ್ರೇಮಕಥೆಗೆ ಕೊಡಿ, ಕ್ರೀಡಾವಿವರಕ್ಕೆ ಬೇರೆ ಒಂದು ಸಾಲು ಸಾಕು. ಬಿಡುಗಡೆಗೆ ಮುಂಚಿನ ಪ್ರತಿ ಉಚಿತವಾಗಿ ಬಂದಿದ್ದರೆ ಮೊದಲ ಸಾಲಿನಲ್ಲೇ ತಿಳಿಸಿ. ಅಮೆಜಾನ್ ಉಚಿತ ಪುಸ್ತಕ ಪ್ರತಿಗಳನ್ನು ಒಪ್ಪುತ್ತದೆ, ಆದರೆ ‘ಪ್ರತಿ ಕೊಟ್ಟೆ, ವಿಮರ್ಶೆ ಬರೆಯಲೇಬೇಕು’ ಎಂಬ ಷರತ್ತನ್ನು ಒಪ್ಪುವುದಿಲ್ಲ. ಹಾಗೆ ಕೇಳುವ ಲೇಖಕರ ಪ್ರತಿ ತೆಗೆದುಕೊಳ್ಳಬೇಡಿ. ಬಿಡುಗಡೆಗೆ ಮುಂಚಿನ ಪ್ರತಿಗಳಲ್ಲಿ ಕೊನೆಯ ತಿದ್ದುಪಡಿ ಆಗಿರುವುದಿಲ್ಲ. ಪಂದ್ಯದ ತಾರೀಖು, ತೂಕದ ಅಂಕಿ ತಪ್ಪಿದ್ದು ಕಂಡರೆ ಮುದ್ರಿತ ಆವೃತ್ತಿಯೊಂದಿಗೆ ತಾಳೆ ನೋಡುವವರೆಗೆ ಬರೆಯದಿರುವುದು ಒಳ್ಳೆಯದು. ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೆ ನಕ್ಷತ್ರ ಬೇಡ. ಶೇಕಡಾ ಎಷ್ಟಕ್ಕೆ ಬಿಟ್ಟಿರಿ, ಯಾವ ದೃಶ್ಯದಲ್ಲಿ ಬಿಟ್ಟಿರಿ ಎಂದು ಎರಡು ಸಾಲು ಬರೆದು, ಮುಂದೆ ಓದಿದವರು ಯಾರಾದರೂ ಇದ್ದರೆ ಹೇಳಲಿ ಎಂದು ಬಿಟ್ಟುಬಿಡಿ.